ಮುಂದಿನ ಚಕ್ರದ ಹಬ್ ಮೋಟರ್: ಆಕ್ಸಲ್ ತಿರುಗಿ ವೈರ್ ಹರಿದುಹೋಯ್ತು. ಫೋರ್ಕಿಗೆ ಭದ್ರವಾಗಿ ಕೂರಿಸೋದು ಹೇಗೆ?

ಚಾಮುಂಡಿ_ಏರು (ಮೈಸೂರು), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ. ದಯವಿಟ್ಟು ಪೂರ್ತಿ ಓದಿ, ಎಲ್ಲಿ ತಪ್ಪಿದೆ ಅಂತ ಹೇಳಿ.

ನನ್ನದು ಹಳೇ 26 ಇಂಚಿನ ಗೇರ್ ಸೈಕಲ್. ಮುಂದೆ ಸಸ್ಪೆನ್ಷನ್ ಫೋರ್ಕ್ (ಚಕ್ರವನ್ನು ಎರಡು ಕಡೆ ಹಿಡಿಯೋ ಕಾಲುಗಳು), ಎರಡೂ ಕಡೆ ರಿಮ್ ಬ್ರೇಕ್. ಕುವೆಂಪುನಗರದಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ದಿನಾ ಅದರಲ್ಲೇ ಓಡಾಟ. ಮಂಡಿ ನೋವು ಶುರುವಾದ ಮೇಲೂ ಸೈಕಲ್ ಬಿಡೋಕೆ ಮನಸ್ಸಾಗಲಿಲ್ಲ. 36 ವೋಲ್ಟ್, 250 ವ್ಯಾಟ್‌ನ ಹಬ್ ಮೋಟರ್ (ಚಕ್ರದ ನಡುವೆಯೇ ಕೂರೋ ಮೋಟರ್) ಕಿಟ್ ತರಿಸಿ ಮುಂದಿನ ಚಕ್ರಕ್ಕೆ ಹಾಕಿದೆ. ಕಿಟ್ ಜೊತೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ: ಚಕ್ರ ಹಾಕಿ, ನಟ್ ಬಿಗಿ ಮಾಡಿ. ಆಕ್ಸಲ್ (ಚಕ್ರದ ಅಚ್ಚು) ಫೋರ್ಕಿನ ಕಾಲಿನ ತುದಿಯಲ್ಲಿರೋ ಕಚ್ಚಿನೊಳಗೆ ಇಳೀಲಿಲ್ಲ ಅಂತ ಅರ ತಗೊಂಡು ಎರಡೂ ಕಡೆ ಉಜ್ಜಿದೆ. ಇಳೀತು. ಇದ್ದ ವಾಷರ್ ಹಾಕಿ, ಕೈಲಾದಷ್ಟು ಬಲ ಹಾಕಿ ನಟ್ ಬಿಗಿದೆ.

ಮೂರು ವಾರ ಏನೂ ತೊಂದರೆ ಇರಲಿಲ್ಲ. ಇವತ್ತು ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತೋಣ ಅಂತ ಹೊರಟೆ. ನಡೆದುಕೊಂಡು ಹೋಗುವವರಷ್ಟೇ ವೇಗದಲ್ಲಿ, ಥ್ರಾಟಲ್ ಪೂರ್ತಿ ಹಿಡಿದು ಏರ್ತಾ ಇದ್ದೆ. ಮುಂದಿನ ಚಕ್ರದಿಂದ ಒಂದು 'ಟಕ್' ಅನ್ನೋ ಸದ್ದು ಬಂತು. ಕಲ್ಲು ಇರಬೇಕು ಅಂದುಕೊಂಡೆ. ಇನ್ನೆರಡು ಸಲ ಬಂತು. ನಂದಿಗೆ ಹೋಗೋ ತಿರುವಿನ ಹತ್ರ ಮೋಟರ್ ಜೋರಾಗಿ ಕಿರುಚಿತು, ಎಳೆತ ಮಾತ್ರ ಇಲ್ಲ. ಚಕ್ರ ವಾಲಿಕೊಂಡು ಬ್ರೇಕ್ ಶೂಗೆ ಉಜ್ಜೋಕೆ ಶುರುವಾಯ್ತು. ಇಳಿದು ನೋಡಿದ್ರೆ ಎಡಗಡೆ ನಟ್ ಬೆರಳಲ್ಲಿ ತಿರುಗೋಷ್ಟು ಸಡಿಲ. ಆಕ್ಸಲ್ ಗಿರ್ರನೆ ತಿರುಗಿ ವೈರನ್ನು ಹಗ್ಗದ ಥರ ತನ್ನ ಸುತ್ತಲೇ ಸುತ್ತಿಕೊಂಡಿದೆ, ಮೇಲಿನ ಕವಚ ಹರಿದು ತಾಮ್ರ ಕಾಣ್ತಿದೆ. ಫೋರ್ಕಿನ ಕಚ್ಚು ಬಾಯಿ ಬಿಟ್ಟಿದೆ.

ಏರಿನಲ್ಲಿ ಆಯ್ತು, ಬಚಾವಾದೆ. ಇಳಿಯುವಾಗ ಆಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ನಟ್ ಇನ್ನೂ ಬಿಗಿ ಮಾಡಬೇಕಿತ್ತಾ? ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕಾ? ಫೋರ್ಕ್ ಉಳಿಯುತ್ತಾ?

ಹಾಸನ_ಹಾದಿ, ಭಾನುವಾರ ರಾತ್ರಿ

ಪೆಟ್ಟಾಗಲಿಲ್ಲವಲ್ಲ, ಅದೇ ದೊಡ್ಡದು. ನನ್ನ ಗಾಡಿಗೆ ಲಾಕ್‌ಟೈಟ್ (ನಟ್ ಬಿಚ್ಚದ ಹಾಗೆ ಹಚ್ಚೋ ಅಂಟು) ಹಾಕಿ ಡಬಲ್ ನಟ್ ಕೂರಿಸಿದ್ದೀನಿ. ಇನ್ನೂ ಬಿಚ್ಚಿಲ್ಲ. ನಮ್ಮೂರಲ್ಲಿ ಒಬ್ಬರು ನಟ್ಟನ್ನೇ ಫೋರ್ಕಿಗೆ ವೆಲ್ಡ್ ಮಾಡಿಸಿಬಿಟ್ಟಿದ್ದಾರೆ.

ಭದ್ರಾವತಿ_ಫಿಟ್ಟರ್, ಸೋಮವಾರ ಬೆಳಿಗ್ಗೆ

ತಮ್ಮಾ, ಮೊದಲು ಆ ಸೈಕಲ್ ಓಡಿಸೋದು ನಿಲ್ಲಿಸು. ಬ್ಯಾಟರಿ ಕಳಚಿ ಪಕ್ಕಕ್ಕಿಡು. ತಾಮ್ರ ಕಾಣೋ ಮೂರು ದಪ್ಪ ವೈರ್ ಒಂದಕ್ಕೊಂದು ತಗುಲಿದರೆ ಮೋಟರ್ ನಡೆಸೋ ಕಂಟ್ರೋಲರೂ ಹೋಗುತ್ತೆ.

ನಾನು ಐಟಿಐನಲ್ಲಿ ಫಿಟ್ಟರ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ನೀನು ಕೇಳಿದ ಪ್ರಶ್ನೆಯಲ್ಲೇ ಒಂದು ತಪ್ಪು ತಿಳುವಳಿಕೆ ಇದೆ. ಅದನ್ನು ಸರಿ ಮಾಡದೆ ವಾಷರ್ ವಿಷಯ ಮಾತಾಡಿ ಉಪಯೋಗವಿಲ್ಲ.

ಸಾಮಾನ್ಯ ಸೈಕಲ್ಲಿನ ಮುಂದಿನ ಚಕ್ರದಲ್ಲಿ ಆಕ್ಸಲ್ ಸುಮ್ಮನೆ ನಿಂತಿರುತ್ತೆ, ಬೇರಿಂಗ್ ಮೇಲೆ ಹಬ್ ತಿರುಗುತ್ತೆ. ನಟ್ ಮಾಡೋ ಕೆಲಸ ಚಕ್ರ ಕೆಳಗೆ ಬೀಳದ ಹಾಗೆ ಹಿಡಿಯೋದು, ಅಷ್ಟೇ. ಹಬ್ ಮೋಟರ್‌ನಲ್ಲಿ ಹಾಗಲ್ಲ. ಮೋಟರ್ ಚಕ್ರವನ್ನು ಎಷ್ಟು ಬಲದಲ್ಲಿ ಮುಂದಕ್ಕೆ ತಿರುಗಿಸುತ್ತೋ ಅಷ್ಟೇ ಬಲದಲ್ಲಿ ಆಕ್ಸಲ್ ಹಿಂದಕ್ಕೆ ತಿರುಗೋಕೆ ನೋಡುತ್ತೆ. ಆ ತಿರುಚುಬಲಕ್ಕೆ (ಟಾರ್ಕ್) ಯಾರೋ ಒಬ್ಬರು ಅಡ್ಡ ನಿಲ್ಲಬೇಕು. ನಿನ್ನ ಗಾಡಿಯಲ್ಲಿ ಅಡ್ಡ ನಿಂತದ್ದು ಕಚ್ಚಿನ ಎರಡು ಅಂಚು ಮಾತ್ರ. ಅವು ಸೋತವು.

ಲೆಕ್ಕ ಹಾಕಿ ತೋರಿಸ್ತೀನಿ, ನೀನೂ ಹಾಕಿ ನೋಡು. ನಿನ್ನ ಆಕ್ಸಲ್ 12 ಮಿ.ಮೀ. ಇರಬೇಕು, ಎರಡು ಕಡೆ ಚಪ್ಪಟೆ ಮಾಡಿ 10 ಮಿ.ಮೀ.ಗೆ ಇಳಿಸಿರ್ತಾರೆ. 12ರ ಉರುಟಿನಲ್ಲಿ 10ಕ್ಕೆ ಚಪ್ಪಟೆ ಮಾಡಿದರೆ ಆ ಚಪ್ಪಟೆ ಭಾಗದ ಅಗಲ ಸುಮಾರು 6.6 ಮಿ.ಮೀ. ಮಾತ್ರ. ಏರಿನಲ್ಲಿ ಮೋಟರ್ 40 ನ್ಯೂಟನ್ ಮೀಟರ್ ಟಾರ್ಕ್ ಕೊಡ್ತು ಅಂತ ಇಟ್ಕೋ. ಅದನ್ನು 6.6 ಮಿ.ಮೀ. ಅಂತರದಲ್ಲಿ ತಡೀಬೇಕಾದರೆ ಅಂಚಿನ ಮೇಲೆ ಬೀಳೋ ಬಲ ಸುಮಾರು 6000 ನ್ಯೂಟನ್, ಅಂದರೆ 600 ಕೆ.ಜಿ. ತೂಕದಷ್ಟು. ಎರಡು ಕಾಲಿಗೆ ಹಂಚಿದರೂ ಒಂದೊಂದಕ್ಕೆ 300. ಅದೂ ನೀನು ಅರ ಹಾಕಿ ಸಡಿಲ ಮಾಡಿದ ಕಚ್ಚು. ಸಡಿಲ ಇದ್ದಲ್ಲಿ ಚಪ್ಪಟೆ ಭಾಗ ಪೂರ್ತಿ ಒತ್ತಲ್ಲ, ಮೂಲೆ ಮಾತ್ರ ಒತ್ತುತ್ತೆ, ಉಳಿಯ ಥರ ಲೋಹಕ್ಕೆ ಇಳಿಯುತ್ತೆ. ನಿನಗೆ ಕೇಳಿಸಿದ 'ಟಕ್' ಅದೇ.

ಈಗ ಅದೇ ಆಕ್ಸಲ್ಲಿನ ಚಪ್ಪಟೆಗೆ ಸರಿಯಾಗಿ ಕೂರೋ ಹಾಗೆ ಒಂದು ಉಕ್ಕಿನ ಪಟ್ಟಿ ಮಾಡಿ, ಅದರ ಇನ್ನೊಂದು ತುದಿಯನ್ನು 12 ಸೆಂ.ಮೀ. ಮೇಲೆ ಫೋರ್ಕಿನ ಕಾಲಿಗೆ ಕಟ್ಟು. ಅಲ್ಲಿ ಬೀಳೋ ಬಲ 34 ಕೆ.ಜಿ.ಯಷ್ಟು ಮಾತ್ರ. ಒಂದು ಹೋಸ್ ಕ್ಲಿಪ್ ಆರಾಮಾಗಿ ತಡೆಯುತ್ತೆ. ಇದಕ್ಕೆ ಟಾರ್ಕ್ ಆರ್ಮ್ ಅಂತಾರೆ. ಕಿಟ್‌ನಲ್ಲಿ ಇದನ್ನು ಕೊಡದೆ ಕಳಿಸೋದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಎಡಗಡೆ ನಟ್ಟೇ ಯಾಕೆ ಬಿಚ್ಚಿತು? ಎಡಗಡೆಯಿಂದ ನೋಡಿದರೆ ಆಕ್ಸಲ್ ಹಿಂದಕ್ಕೆ ತಿರುಗೋದು ಗಡಿಯಾರದ ಮುಳ್ಳಿನ ದಿಕ್ಕಿಗೆ. ನಟ್ ಫೋರ್ಕಿಗೆ ಅಂಟಿ ನಿಂತಿರುವಾಗ ಆಕ್ಸಲ್ ಅದರೊಳಗೆ ಆ ಕಡೆ ತಿರುಗಿದರೆ ನಟ್ ಬಿಚ್ಚಿದ ಹಾಗೇ. ಬಲಗಡೆ ಅದೇ ಚಲನೆ ಬಿಗಿ ಮಾಡುತ್ತೆ. ಆಕ್ಸಲ್ ಅಲ್ಲಾಡೋದನ್ನು ನಿಲ್ಲಿಸಿದರೆ ನಟ್ ತಾನಾಗೇ ನಿಲ್ಲುತ್ತೆ. ಸ್ಪ್ರಿಂಗ್ ವಾಷರ್ ಇಲ್ಲಿ ಏನೂ ಮಾಡಲ್ಲ, ಪೂರ್ತಿ ಬಿಗಿದ ಮೇಲೆ ಅದು ಚಪ್ಪಟೆ ವಾಷರ್ ಅಷ್ಟೇ.

ಹಾಸನದವರೇ, ಲಾಕ್‌ಟೈಟ್ ಹಾಕಿದ್ದು ಕೆಟ್ಟದ್ದಲ್ಲ, ಆದರೆ ಅದು ನಟ್ಟನ್ನು ಹಿಡಿಯುತ್ತೆ, ಆಕ್ಸಲ್ಲನ್ನು ಹಿಡಿಯಲ್ಲ. ವೆಲ್ಡ್ ಮಾಡಿಸಿದವರಿಗೆ ದಯವಿಟ್ಟು ಹೇಳಿ: ಪಂಕ್ಚರ್ ಆದ ದಿನ ಚಕ್ರ ಬಿಚ್ಚೋಕಾಗಲ್ಲ, ವೈರ್ ಕಡೆ ಮಾಡಿಸಿದ್ದರೆ ಬಿಸಿಗೆ ಒಳಗಿನ ಇನ್ಸುಲೇಷನ್ ಕರಗಿರುತ್ತೆ.

ತಮ್ಮಾ, ಮೂರು ಅಳತೆ ಬೇಕು: ಕಚ್ಚಿನ ಅಗಲ, ಎರಡು ಕಾಲಿನ ನಡುವಿನ ಅಂತರ, ಕಚ್ಚಿನ ಹತ್ತಿರ ಲೋಹದ ದಪ್ಪ. ಒಂದು ಅಯಸ್ಕಾಂತ ತಗೊಂಡು ಫೋರ್ಕಿನ ಕೆಳಕಾಲಿಗೆ ಅಂಟುತ್ತಾ ನೋಡು.

ಪೀಣ್ಯ_ಲೇಸರ್, ಸೋಮವಾರ ಮಧ್ಯಾಹ್ನ

ಮೇಷ್ಟ್ರೇ, ಲೆಕ್ಕ ಚೆನ್ನಾಗಿ ಅರ್ಥ ಆಯ್ತು. ಒಂದು ಅನುಮಾನ. ಪಟ್ಟಿಯ ಆ ತುದಿಯಲ್ಲಿ 34 ಕೆ.ಜಿ. ಸರಿ. ಆದರೆ ಆಕ್ಸಲ್ ಕೂರೋ ತೂತಿಗೂ ಅದೇ 600 ಕೆ.ಜಿ. ಬೀಳಲ್ವಾ? ಹಾಗಾದರೆ ಫೋರ್ಕಿಗೆ ಆದದ್ದು ಪಟ್ಟಿಗೂ ಆಗಬೇಕಲ್ಲ?

ಭದ್ರಾವತಿ_ಫಿಟ್ಟರ್, ಸೋಮವಾರ ಸಂಜೆ

ಸರಿಯಾದ ಪ್ರಶ್ನೆ. ಬೀಳುತ್ತೆ, ಅಷ್ಟೇ ಬೀಳುತ್ತೆ. ಅದಕ್ಕೇ ಆ ಪಟ್ಟಿ ಹೇಗಿರಬೇಕು ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಫೋರ್ಕಿನ ಕಚ್ಚು ಕೆಳಗೆ ಬಾಯಿ ತೆರೆದಿರುತ್ತೆ. ಆಕ್ಸಲ್ ತಿರುಚಿದರೆ ಎರಡು ದವಡೆ ಅಗಲವಾಗುತ್ತವೆ. ಟಾರ್ಕ್ ಆರ್ಮ್‌ನಲ್ಲಿ ಸುತ್ತಲೂ ಮುಚ್ಚಿದ ತೂತು ಮಾಡಬಹುದು, ಎರಡು ಕಡೆ ಚಪ್ಪಟೆ, ಎರಡು ಕಡೆ ಉರುಟು. ಮುಚ್ಚಿದ ತೂತು ಬಾಯಿ ಬಿಡಲ್ಲ. ಎರಡನೆಯದು, ತೂತು ಆಕ್ಸಲ್ಲಿಗೆ ಕೈಯಲ್ಲಿ ಒತ್ತಿ ಕೂರಿಸೋಷ್ಟು ಬಿಗಿಯಾಗಿರಬೇಕು. ಅರ್ಧ ಮಿ.ಮೀ. ಸಡಿಲ ಇದ್ದರೂ ಮತ್ತೆ ಮೂಲೆ ಒತ್ತೋ ಕಥೆಯೇ. ದಪ್ಪ ಕನಿಷ್ಠ 6 ಮಿ.ಮೀ. ಇಡಿ. ಇಂಥ ಪಟ್ಟಿ ತಗಡಿನಲ್ಲಿ ಮಾಡಿದ್ದನ್ನೂ ನೋಡಿದ್ದೀನಿ. ಅದು ಮನಸ್ಸಿನ ಸಮಾಧಾನಕ್ಕೆ, ಆಕ್ಸಲ್ಲಿಗಲ್ಲ.

ಪೀಣ್ಯ_ಲೇಸರ್, ಸೋಮವಾರ ಸಂಜೆ

ಹಾಗಾದರೆ ನಮ್ಮ ಕಡೆಯಿಂದ ಒಂದು ಮಾತು. ನಾನು ಲೇಸರ್ ಕಟಿಂಗ್ ಘಟಕದಲ್ಲಿ ಕೆಲಸ ಮಾಡೋದು. 6 ಮಿ.ಮೀ. ಪ್ಲೇಟ್ ಕತ್ತರಿಸಿದಾಗ ಮೇಲಿನ ಮುಖಕ್ಕೂ ಕೆಳಗಿನ ಮುಖಕ್ಕೂ ತೂತಿನ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತೆ, ಗೋಡೆ ಒಂಚೂರು ಓರೆ. ಆದ್ದರಿಂದ ಚಪ್ಪಟೆ ಅಳತೆಯನ್ನು 9.9ಕ್ಕೆ ಕತ್ತರಿಸಿಕೊಳ್ಳಿ, ಆಮೇಲೆ ಸಣ್ಣ ಚಪ್ಪಟೆ ಅರದಲ್ಲಿ ನಿಮ್ಮ ಆಕ್ಸಲ್ಲನ್ನೇ ಹಿಡಿದು ನೋಡುತ್ತಾ ಉಜ್ಜಿ. 10.2 ಅಂತ ಡ್ರಾಯಿಂಗ್ ಕೊಟ್ಟರೆ ಆಮೇಲೆ ತುಂಬಿಸೋಕೆ ಆಗಲ್ಲ. 304 ಸ್ಟೇನ್‌ಲೆಸ್ ಅಂತ ಎಲ್ಲರೂ ಕೇಳ್ತಾರೆ. ತುಕ್ಕು ಹಿಡಿಯಲ್ಲ ನಿಜ, ಬಲದಲ್ಲಿ ಮಾತ್ರ ಮೈಲ್ಡ್ ಸ್ಟೀಲ್‌ಗಿಂತ ಹೆಚ್ಚೇನಲ್ಲ. ಇಎನ್8 (ಇನ್ನೂ ಗಟ್ಟಿಯಾದ ಒಂದು ಬಗೆಯ ಉಕ್ಕು) ಪ್ಲೇಟ್ ಸಿಕ್ಕರೆ ಅದು ಒಳ್ಳೇದು.

ಧಾರವಾಡ_ಸವಾರ, ಸೋಮವಾರ ರಾತ್ರಿ

ಮೇಷ್ಟ್ರ ಹೇಳಿದ್ದು ಖರೇ ಐತ್ರೀ. ನಾನೊಂದು ತಪ್ಪು ಮಾಡಿದ್ದೆ, ಹೇಳ್ತೀನಿ, ಮತ್ತೊಬ್ಬರು ಮಾಡಬಾರದು. ನಂದೂ ಸಸ್ಪೆನ್ಷನ್ ಫೋರ್ಕ್. ಟಾರ್ಕ್ ಆರ್ಮ್ ಉದ್ದ ಇದ್ದಷ್ಟೂ ಚಲೋ ಅಂತ ತಿಳಕೊಂಡು ಮ್ಯಾಲಿನ ಕೊಳವಿಗೆ ಕಟ್ಟಿಬಿಟ್ಟಿದ್ದೆ. ಮೊದಲನೇ ತಗ್ಗು ಬಂದಕೂಡ್ಲೆ ಸಸ್ಪೆನ್ಷನ್ ಒಳಗ ಹೋತು, ಕೆಳಗಿನ ಕಾಲು ಮ್ಯಾಲ ಬಂತು, ಆರ್ಮ್ ಬಗ್ಗಿ ಕ್ಲಿಪ್ ಕಡದು ಹೋತು. ಆಕ್ಸಲ್ ಜೋಡಿ ಅಲ್ಲಾಡೋ ಕೆಳಗಿನ ಕಾಲಿಗೇ ಕಟ್ಟಬೇಕ್ರೀ, ಮ್ಯಾಲಿನದಕ್ಕ ಅಲ್ಲ.

ಚಾಮುಂಡಿ_ಏರು, ಮಂಗಳವಾರ

ಮೇಷ್ಟ್ರೇ, ಅಳತೆ ತಗೊಂಡೆ. ಅಯಸ್ಕಾಂತ ಮೇಲಿನ ಕೊಳವೆಗೆ ಅಂಟುತ್ತೆ, ಕೆಳಕಾಲಿಗೆ ಅಂಟಲ್ಲ. ಎರಡು ಕಾಲಿನ ನಡುವೆ ಸರಿಯಾಗಿ 100 ಮಿ.ಮೀ. ಕಚ್ಚಿನ ಅಗಲ ಬಲಗಡೆ 10.4, ಎಡಗಡೆ ಬಾಯಿಯ ಹತ್ರ 12.6. ಎಡಗಡೆ ಮೇಲ್ಭಾಗದಲ್ಲಿ ಕೂದಲಿನಂಥ ಒಂದು ಗೆರೆ ಕಾಣ್ತಿದೆ, ಉಗುರಿಗೆ ಸಿಗುತ್ತೆ.

ಇನ್ನೊಂದು ಗಮನಿಸಿದೆ. ಕಚ್ಚಿನ ಸುತ್ತ ಹೊರಗಡೆ ಉಬ್ಬಿರೋ ಅಂಚು ಇದೆ. ವಾಷರ್ ಗುರುತು ಆ ಅಂಚಿನ ಮೇಲೆ ಮಾತ್ರ ಬಿದ್ದಿದೆ, ಒಳಗಿನ ತಗ್ಗಿನಲ್ಲಿ ಬಣ್ಣ ಹಾಗೇ ಇದೆ.

ಭದ್ರಾವತಿ_ಫಿಟ್ಟರ್, ಮಂಗಳವಾರ

ಅಯಸ್ಕಾಂತ ಅಂಟಲಿಲ್ಲ ಅಂದರೆ ಕೆಳಕಾಲು ಅಲ್ಯೂಮಿನಿಯಂ ಅಥವಾ ಮೆಗ್ನೀಷಿಯಂ ಎರಕ. ಉಗುರಿಗೆ ಸಿಗೋ ಗೆರೆ ಬಿರುಕು. ಆ ಫೋರ್ಕ್ ಮುಗೀತು ತಮ್ಮಾ. ಗುಜರಿಗೆ ಹಾಕು, ಯಾರಿಗೂ ಮಾರಬೇಡ, ಯಾರಿಗೂ ದಾನ ಕೊಡಬೇಡ. ಉಕ್ಕು ಸೋಲುವಾಗ ಬಗ್ಗುತ್ತೆ, ಬಾಯಿ ಬಿಡುತ್ತೆ, ನಮಗೆ ನೋಡೋಕೆ ಸಮಯ ಕೊಡುತ್ತೆ. ಎರಕದ ಲೋಹ ಹಾಗಲ್ಲ, ಒಂದು ದಿನ ತುಂಡಾಗುತ್ತೆ.

ಆ ಉಬ್ಬಿದ ಅಂಚೇ ನಿನ್ನ ನಟ್ ಸಡಿಲ ಆಗೋಕೆ ಎರಡನೇ ಕಾರಣ. ವಾಷರ್ ತಗ್ಗಿನೊಳಗೆ ಕೂರದೆ ಅಂಚಿನ ಮೇಲೆ ಸೇತುವೆ ಥರ ನಿಂತಿತ್ತು. ನೀನು ಬಿಗಿದ ಬಲವೆಲ್ಲ ಎರಡು ತೆಳು ಗೆರೆಯ ಮೇಲೆ ಹೋಗಿದೆ. ಓಡಾಡ್ತಾ ಆ ಅಂಚು ಒಂಚೂರು ನಜ್ಜುಗುಜ್ಜಾಯ್ತು, ನಟ್ಟಿನ ಬಿಗಿ ಇಳೀತು.

ಹಾಸನ_ಹಾದಿ, ಮಂಗಳವಾರ

ಆ ಅಂಚನ್ನು ಅರದಲ್ಲಿ ಉಜ್ಜಿ ಸಮ ಮಾಡಿಬಿಟ್ಟರೆ ಆಯ್ತಲ್ಲ? ನಾನು ಹಾಗೇ ಮಾಡಿದ್ದೀನಿ.

ಡಚ್_ಕನ್ನಡಿಗ, ಮಂಗಳವಾರ ರಾತ್ರಿ

ದಯವಿಟ್ಟು ಹಾಗೆ ಮಾಡಬೇಡಿ, ಅದರಲ್ಲೂ ಮುಂದೆ ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿಗೆ.

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿನ ಹಳೇ ನಗರ ಸೈಕಲ್‌ಗಳಲ್ಲಿ ಮುಂದಿನ ಹಬ್ ಮೋಟರ್ ತುಂಬಾ ಸಾಮಾನ್ಯ, ಆದರೆ ಅವು ಕಾರ್ಖಾನೆಯಿಂದ ಬರುವಾಗಲೇ ಮೋಟರ್‌ಗೆಂದು ಮಾಡಿದ ಫೋರ್ಕ್ ಹೊತ್ತು ಬರುತ್ತವೆ. ನಾವು ಮನೆಯಲ್ಲಿ ಕಿಟ್ ಹಾಕುವಾಗ ಆ ಅನುಕೂಲ ಇರುವುದಿಲ್ಲ.

ಆ ಅಂಚಿಗೆ ಇಂಗ್ಲಿಷಿನಲ್ಲಿ 'ಲಾಯರ್ ಲಿಪ್ಸ್' ಅನ್ನುತ್ತಾರೆ. ಬಿಗಿ ಮಾಡಲು ಮರೆತು ಚಕ್ರ ಕಳಚಿ ಬಿದ್ದವರು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ ಮೇಲೆ ಬಂದ ಅಂಚು ಅದು, ಅದಕ್ಕೇ ಆ ಹೆಸರು. ಡಿಸ್ಕ್ ಬ್ರೇಕ್ ಬಂದ ಮೇಲೆ ಅದರ ಬೆಲೆ ಇನ್ನೂ ಹೆಚ್ಚಾಯಿತು. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಫೋರ್ಕಿನ ಎಡಗಾಲಿನ ಹಿಂದೆ ಇರುತ್ತದೆ. ಚಕ್ರದ ಹಿಂಭಾಗ ಮೇಲಕ್ಕೆ ಚಲಿಸುತ್ತಿರುವಾಗ ಬ್ರೇಕ್ ಅದನ್ನು ಹಿಡಿದು ಕೆಳಕ್ಕೆ ಒತ್ತುತ್ತದೆ. ಫೋರ್ಕಿನ ಕಚ್ಚು ಬಾಯಿ ತೆರೆದಿರುವುದೂ ಕೆಳಕ್ಕೇ! ಅಂದರೆ ಪ್ರತಿ ಸಲ ಜೋರಾಗಿ ಬ್ರೇಕ್ ಹಿಡಿದಾಗಲೂ ಆಕ್ಸಲ್ಲನ್ನು ಕಚ್ಚಿನಿಂದ ಹೊರಗೆ ತಳ್ಳುತ್ತಿದ್ದೇವೆ. ಹವಾಮಾನ ವಿಜ್ಞಾನಿ ಜೇಮ್ಸ್ ಆನನ್ 2003ರಲ್ಲಿ ಇದನ್ನು ಲೆಕ್ಕ ಸಮೇತ ಜನರ ಮುಂದಿಟ್ಟರು, ಸೈಕಲ್ ವಲಯದಲ್ಲಿ ದೊಡ್ಡ ಚರ್ಚೆಯಾಯಿತು.

ಅಂಚು ಉಜ್ಜುವ ಬದಲು ತಗ್ಗಿನೊಳಗೆ ಸರಿಯಾಗಿ ಕೂರುವ 'ಸಿ ವಾಷರ್' ಹಾಕಿ. ಒಂದು ಕಡೆ ಬಾಯಿ ತೆರೆದ ದಪ್ಪ ವಾಷರ್ ಅದು. ಅದರ ದಪ್ಪ ಅಂಚಿನ ಎತ್ತರಕ್ಕಿಂತ ಒಂಚೂರು ಹೆಚ್ಚಿರಲಿ. ಆಗ ಮೇಲಿನ ವಾಷರ್ ಅಂಚನ್ನು ಮುಟ್ಟುವುದೇ ಇಲ್ಲ, ಬಲವೆಲ್ಲ ಕಚ್ಚಿನ ಮುಖಕ್ಕೆ ಹೋಗುತ್ತದೆ. ಅಂಚೂ ಉಳಿಯುತ್ತದೆ.

ಹಾಸನ_ಹಾದಿ, ಮಂಗಳವಾರ ರಾತ್ರಿ

ನನ್ನದರಲ್ಲಿ ಡಿಸ್ಕ್ ಬ್ರೇಕ್ ಇದೆ. ಅಂಚು ಹೋಗಿದೆ. ನಾಳೆಯಿಂದ ಓಡಿಸಲ್ಲ, ಫೋರ್ಕ್ ಬದಲಾಯಿಸ್ತೀನಿ. ಹೇಳಿದ್ದಕ್ಕೆ ಥ್ಯಾಂಕ್ಸ್.

ಉಡುಪಿ_ಪೆಡಲ್, ಬುಧವಾರ

ನಾನು ಎರಡು ದಿನದಿಂದ ಓದ್ತಾ ಇದ್ದೆ. ನಮ್ಮ ಅಪ್ಪನ ಹಳೇ ಕರಿ ಸೈಕಲ್ ಉಂಟು, 28 ಇಂಚಿನ ಚಕ್ರ, ಸರಳಿನ ಬ್ರೇಕ್. ಅಪ್ಪನಿಗೆ ಈಗ ಅರವತ್ತೆಂಟು. ದಿನಾ ಮಲ್ಪೆ ಕಡೆ ಹೋಗಿ ಬರ್ಬೇಕು, ಬೇರೆ ಸೈಕಲ್ ಅವರಿಗೆ ಬೇಡ. ಫೋರ್ಕ್ ಗಟ್ಟಿ ಉಕ್ಕಿನದ್ದೇ, ಅಯಸ್ಕಾಂತ ಚೆನ್ನಾಗಿ ಅಂಟ್ತದೆ. ಕಾಲಿನ ನಡುವೆ ಅಳೆದ್ರೆ 92 ಮಿ.ಮೀ., ಕಚ್ಚು 8 ಮಿ.ಮೀ. ಇದಕ್ಕೆ ಮುಂದೆ ಮೋಟರ್ ಹಾಕ್ಲಿಕ್ಕೆ ಆಗ್ತದಾ ಸರ್? ಉಪ್ಪುಗಾಳಿ ಬೇರೆ.

ಭದ್ರಾವತಿ_ಫಿಟ್ಟರ್, ಬುಧವಾರ

ಆಗುತ್ತಮ್ಮಾ, ಫೋರ್ಕಿನ ಮಟ್ಟಿಗೆ. ಆ ಕರಿ ಸೈಕಲ್ಲಿನ ಉಕ್ಕು ಮೋಟರ್‌ಗೆ ಒಳ್ಳೇ ಜೋಡಿ. 92ನ್ನು 100 ಮಾಡೋಕೆ ಪ್ರತಿ ಕಾಲನ್ನು 4 ಮಿ.ಮೀ. ಹೊರಕ್ಕೆ ಬಗ್ಗಿಸಬೇಕು, ಕಾಯಿಸದೆ, ತಣ್ಣಗೇ. ಉದ್ದ ಥ್ರೆಡ್ ರಾಡಿಗೆ ಎರಡು ನಟ್ ಹಾಕಿ ಒಳಗಿನಿಂದ ನಿಧಾನಕ್ಕೆ ಹಿಗ್ಗಿಸ್ತಾ ಹೋದರೆ ಸಮನಾಗಿ ಬರುತ್ತೆ. ಬಗ್ಗಿಸಿದ ಮೇಲೆ ಎರಡು ಕಚ್ಚಿನ ಮುಖ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ನಟ್ ಒಂದು ಅಂಚಿನಲ್ಲಿ ಮಾತ್ರ ಕೂರುತ್ತೆ. ಅದನ್ನು ಸರಿ ಮಾಡದೆ ಮುಂದೆ ಹೋಗಬೇಡ. ಕಚ್ಚು 8ರಿಂದ 10ಕ್ಕೆ ಅರ ಹಾಕುವಾಗ ಎರಡೂ ಗೋಡೆಯಿಂದ ಒಂದೊಂದು ಮಿ.ಮೀ. ತೆಗಿ. ಒಂದೇ ಕಡೆ ತೆಗೆದರೆ ಚಕ್ರ ಓರೆ ನಿಲ್ಲುತ್ತೆ. ಪ್ರತಿ ಹತ್ತು ಉಜ್ಜಿಗೆ ಒಮ್ಮೆ ಆಕ್ಸಲ್ ಇಟ್ಟು ನೋಡು. ಆಕ್ಸಲ್ ಮೇಲಿನ ತುದಿಯವರೆಗೂ ಹೋಗಿ ಕೂರಬೇಕು.

ನನಗೆ ಚಿಂತೆ ಇರೋದು ಬ್ರೇಕ್ ಬಗ್ಗೆ. ಸರಳಿನ ಬ್ರೇಕ್ ರಿಮ್ಮಿನ ಒಳಮುಖವನ್ನು ಮೇಲಕ್ಕೆ ಎತ್ತಿ ಒತ್ತುತ್ತೆ, ಅದಕ್ಕೆ ಆ ಸೈಕಲ್ಲಿನದೇ ರಿಮ್ ಬೇಕು. ಕಿಟ್‌ನ ರಿಮ್ಮಿಗೆ ಆ ಶೂ ಕೂರಲ್ಲ. ಹಳೇ ರಿಮ್ಮಿಗೇ ಮೋಟರ್ ಹೆಣೆಸೋಣ ಅಂದರೆ ಮೋಟರ್‌ನಲ್ಲಿ ಸಾಮಾನ್ಯವಾಗಿ 36 ತೂತು, ನಮ್ಮ ಕರಿ ಸೈಕಲ್ಲಿನ ಮುಂದಿನ ರಿಮ್ಮಿಗೆ 32, ಹಿಂದಿನದಕ್ಕೆ 40. ಕಡ್ಡಿ ಹೊಂದಲ್ಲ. ಹಾಗಾಗಿ ಮುಂದೆ ಬೇರೆ ಕ್ಯಾಲಿಪರ್ ಬ್ರೇಕ್ ಕೂರಿಸೋ ದಾರಿ ಹುಡುಕಬೇಕು. ಮುಂದಿನ ಬ್ರೇಕ್ ಇಲ್ಲದೆ ಆ ವಯಸ್ಸಿನವರ ಕೈಗೆ ಮೋಟರ್ ಹಾಕಿದ ಸೈಕಲ್ ಕೊಡಬೇಡ. ಬ್ರೇಕ್ ಮೊದಲು, ಮೋಟರ್ ಆಮೇಲೆ.

ಉಪ್ಪುಗಾಳಿಗೆ ನಟ್ಟಿನ ಸುತ್ತ ಗ್ರೀಸ್ ಸವರಿಡು, ಅರ ಹಾಕಿದ ಜಾಗಕ್ಕೆ ಪ್ರೈಮರ್ ಬಳಿ.

ಉಡುಪಿ_ಪೆಡಲ್, ಬುಧವಾರ

ಬ್ರೇಕಿನ ಬಗ್ಗೆ ನಾನು ಯೋಚಿಸಿಯೇ ಇರ್ಲಿಲ್ಲ ಸರ್. ಮೊದಲು ಅದನ್ನೇ ನೋಡ್ತೇನೆ.

ಹಾಸನ_ಹಾದಿ, ಗುರುವಾರ

ಫೋರ್ಕ್ ಹೇಗೂ ಬದಲಾಯಿಸ್ತಿದ್ದೀನಿ. ಉಕ್ಕಿನದು ಹಾಕಿ, ಎರಡು ಟಾರ್ಕ್ ಆರ್ಮ್ ಹಾಕಿದರೆ ಮುಂದೆ 1000 ವ್ಯಾಟ್ ಮೋಟರ್ ಕೂರಿಸಬಹುದಾ?

ಭದ್ರಾವತಿ_ಫಿಟ್ಟರ್, ಗುರುವಾರ

ಬೇಡ. ಅಷ್ಟು ಬಲಕ್ಕೆ ಹಿಂದಿನ ಚಕ್ರ ಸರಿ, ಮುಂದಿನ ಫೋರ್ಕ್ ಅದಕ್ಕಲ್ಲ. ಕಾನೂನೂ ನೋಡಿಕೊಳ್ಳಿ. 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ನಮ್ಮಲ್ಲಿ ಅದು ಮೋಟಾರು ವಾಹನ ಅನ್ನಿಸಿಕೊಳ್ಳಲ್ಲ. ದಾಟಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲಾ ಬರುತ್ತೆ.

ಧಾರವಾಡ_ಸವಾರ, ಗುರುವಾರ

ಇನ್ನೊಂದು ಸೇರಸ್ರೀ. ಗೇರ್ ಇಲ್ಲದ ದೊಡ್ಡ ಡೈರೆಕ್ಟ್ ಡ್ರೈವ್ ಮೋಟರ್ ಇದ್ದವರು ಬ್ರೇಕ್ ಹಿಡದಾಗ ಬ್ಯಾಟರಿ ಚಾರ್ಜ್ ಆಗೋ ಹಂಗ ಸೆಟ್ ಮಾಡಿರ್ತಾರ. ಆವಾಗ ಆಕ್ಸಲ್ ಮ್ಯಾಲ ಬೀಳೋ ತಿರುಚು ಉಲ್ಟಾ ಆಗ್ತದ. ಹೊಂಟಾಗ ಹಿಂದಕ್ಕ, ಬ್ರೇಕ್ ಹಿಡದಾಗ ಮುಂದಕ್ಕ. ಒಂದೀಟು ಸಡಿಲ ಇದ್ರೂ ದಿನಕ್ಕ ನೂರು ಸಲ ಸುತ್ತಿಗಿಲೆ ಬಡದಂಗ. ನನ್ನ ದೋಸ್ತಂದು ಹಿಂಗ ಎರಡೂ ನಟ್ ಸಡಿಲ ಆಗಿದ್ವು. ಅಂಥವರು ಎರಡೂ ಕಡೆ ಆರ್ಮ್ ಹಾಕ್ರಿ. ಗೇರ್ಡ್ ಮೋಟರ್‌ದಾಗ ಒಳಗ ಒಂದೇ ದಿಕ್ಕಿಗೆ ಹಿಡಿಯೋ ಫ್ರೀವೀಲ್ ಇರ್ತದ, ಈ ತ್ರಾಸ ಇಲ್ಲ.

ಚಾಮುಂಡಿ_ಏರು, ಎರಡು ವಾರದ ನಂತರ

ಕೆಲಸ ಮುಗೀತು. ಮಾಡಿದ್ದನ್ನು ಮಾಡಿದ ಹಾಗೇ ಬರೀತೀನಿ, ಮುಂದೆ ಹುಡುಕಿಕೊಂಡು ಬರೋರಿಗೆ ಸಿಗಲಿ.

ಸಸ್ಪೆನ್ಷನ್ ಫೋರ್ಕ್ ತೆಗೆದು ಉಕ್ಕಿನ ಗಟ್ಟಿ ಫೋರ್ಕ್ ಹಾಕಿಸಿದೆ. ಹ್ಯಾಂಡಲ್ ಸ್ವಲ್ಪ ತಗ್ಗಾಯ್ತು, ಎರಡು ದಿನದಲ್ಲಿ ಅಭ್ಯಾಸ ಆಯ್ತು. ಕಚ್ಚು 9 ಮಿ.ಮೀ. ಇತ್ತು. ಈ ಸಲ ಅರ ಹಾಕೋಕೆ ಎರಡು ಸಂಜೆ ತಗೊಂಡೆ. ಆಕ್ಸಲ್ ಹೆಬ್ಬೆರಳಲ್ಲಿ ಒತ್ತಿದರೆ ಮಾತ್ರ ಒಳಗೆ ಹೋಗುತ್ತೆ.

ಹರಿದ ವೈರಿಗೆ ಮೋಟರ್ ಬಿಚ್ಚಿ ಹೊಸ ಕೇಬಲ್ ಹಾಕಿಸಬೇಕಾಯ್ತು. ಆ ಕೆಲಸ ಮಾಡಿಕೊಟ್ಟ ಅಣ್ಣ ಒಂದು ವಿಷಯ ತೋರಿಸಿದ್ರು: ವೈರ್ ಬರೋ ಕಡೆ ಆಕ್ಸಲ್ ಒಳಗೆ ಟೊಳ್ಳು. ಆ ಕಡೆ ಮಿತಿ ಮೀರಿ ಬಿಗಿದರೆ ಆಕ್ಸಲ್ಲೇ ಮುರಿಯುತ್ತೆ. ನಾನು ಮೊದಲು 'ಕೈಲಾದಷ್ಟು' ಬಿಗಿದಿದ್ದೆನಲ್ಲ, ಅದೂ ಅಪಾಯವೇ ಆಗಿತ್ತು.

ಮೇಷ್ಟ್ರನ್ನು ಫೋನಲ್ಲಿ ಕೇಳಿದಾಗ 40 ನ್ಯೂಟನ್ ಮೀಟರ್ ಹತ್ತಿರ ಸಾಕು ಅಂದರು. ಬಲಗಡೆ ಟಾರ್ಕ್ ಸ್ಪ್ಯಾನರ್ ಹಾಕಿದೆ. ಎಡಗಡೆ ವೈರ್ ಅಡ್ಡ ಇರೋದರಿಂದ ಸಾಕೆಟ್ ಕೂರಲ್ಲ. ಅಲ್ಲಿಗೆ ಮೇಷ್ಟ್ರು ಹೇಳಿದ ಉಪಾಯ: 20 ಸೆಂ.ಮೀ. ಉದ್ದದ ಬಾಯಿ ತೆರೆದ ಸ್ಪ್ಯಾನರ್ ತುದಿಗೆ 20 ಕೆ.ಜಿ. ಬಲ ಬಿದ್ದರೆ ಅದೇ 40. ಲಗೇಜ್ ತೂಗೋ ಕೊಕ್ಕೆ ತಕ್ಕಡಿಯನ್ನು ಸ್ಪ್ಯಾನರ್ ತುದಿಗೆ ಸಿಕ್ಕಿಸಿ, 20 ತೋರಿಸೋವರೆಗೆ ನೇರ ಅಡ್ಡಕ್ಕೆ ಎಳೆದೆ. ಚೆನ್ನಾಗಿ ಕೆಲಸ ಮಾಡ್ತು.

ಹೊಸ ಫೋರ್ಕಿಗೆ ಉಬ್ಬಿದ ಅಂಚಿಲ್ಲ, ಸಿ ವಾಷರ್ ಬೇಕಾಗಲಿಲ್ಲ. ಒಳಗಡೆ ಮೋಟರ್ ಮುಚ್ಚಳ ಫೋರ್ಕಿನ ಕಾಲಿಗೆ ತಾಗ್ತಿತ್ತು, ಎರಡೂ ಕಡೆ ಒಂದೊಂದು ತೆಳು ವಾಷರ್ ಒಳಗೆ ಹಾಕಿ ಬಿಡಿಸಿದೆ. ಹೊರಗಡೆ ಕಚ್ಚಿಗೆ ತಾಗಿ ಕೊಕ್ಕೆ ವಾಷರ್, ಅದರ ಕೊಕ್ಕೆ ಒಳಮುಖವಾಗಿ ಆಕ್ಸಲ್ ಕೆಳಗಿನ ಕಚ್ಚಿನೊಳಗೆ. ಬಲಗಡೆ ಅದರ ಮೇಲೆ ಟಾರ್ಕ್ ಆರ್ಮ್. ಆಮೇಲೆ ಚಪ್ಪಟೆ ವಾಷರ್, ನಟ್. ವೈರ್ ಕಡೆ ವಾಷರ್, ನಟ್ ಎಲ್ಲಾ ಕನೆಕ್ಟರ್ ಮೂಲಕವೇ ತೂರಿಸಬೇಕು. ಅದಕ್ಕೇ ಮುಚ್ಚಿದ ತೂತಿನ ಆರ್ಮ್ ಬಲಗಡೆ ಹಾಕಿದ್ದು.

ಆಕ್ಸಲ್ಲನ್ನು ಎರಡು ರೀತಿ ಕೂರಿಸಬಹುದು, ವೈರ್ ಹೊರಬರೋ ಜಾಗ ಮೇಲಕ್ಕೆ ಅಥವಾ ಕೆಳಕ್ಕೆ. ಕೆಳಕ್ಕೆ ಇಟ್ಟು, ವೈರ್ ಒಂದು ಬಾಗು ಕೆಳಗಿಳಿದು ಮತ್ತೆ ಮೇಲೆ ಹೋಗೋ ಹಾಗೆ ಕಟ್ಟಿದೆ. ಮಳೆ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತೆ, ಮೋಟರ್ ಒಳಗೆ ಹೋಗಲ್ಲ. ಮೋಟರ್ ಮೇಲಿನ ಬಾಣದ ಗುರುತು ಮುಂದಕ್ಕೆ ತಿರುಗೋ ದಿಕ್ಕಿಗೇ ಇದೆಯಾ ಅಂತ ನೋಡೋದನ್ನೂ ಮರೀಬೇಡಿ.

ಪೀಣ್ಯ_ಲೇಸರ್

ಆರ್ಮ್‌ನ ಫೋಟೋ ನೋಡಿದೆ, ಕಾಲಿನ ಮುಂದುಗಡೆ ಕಟ್ಟಿದ್ದೀರ. ನಾನು ನೋಡಿದವೆಲ್ಲ ಹಿಂದುಗಡೆ ಇದ್ದವು. ಕಾರಣ ಇದೆಯಾ?

ಚಾಮುಂಡಿ_ಏರು

ಇದೆ. ಮೋಟರ್ ಎಳೆಯುವಾಗ ಆಕ್ಸಲ್ ಹಿಂದಕ್ಕೆ ತಿರುಗೋಕೆ ನೋಡುತ್ತೆ, ಜೊತೆಗೆ ಆರ್ಮ್‌ನ ಮೇಲಿನ ತುದಿಯೂ ಹಿಂದಕ್ಕೆ ಹೋಗುತ್ತೆ. ಆರ್ಮ್ ಕಾಲಿನ ಮುಂದೆ ಇದ್ದರೆ ಆ ಬಲ ನೇರ ಕಾಲಿಗೇ ಒತ್ತುತ್ತೆ, ಕ್ಲಿಪ್ ಸುಮ್ಮನೆ ಜೊತೆ ಹಿಡಿದಿರುತ್ತೆ. ಹಿಂದೆ ಇದ್ದರೆ ಬಲವೆಲ್ಲ ಕ್ಲಿಪ್ಪಿನ ಮೇಲೆ. ಕ್ಲಿಪ್ ಅದನ್ನೂ ತಡೆಯುತ್ತೆ ಅಂತ ಮೇಷ್ಟ್ರೇ ಲೆಕ್ಕ ಕೊಟ್ಟಿದ್ದಾರೆ, ಆದರೂ ನನಗೆ ಮುಂದಿನದೇ ಸಮಾಧಾನ. ಕ್ಲಿಪ್ ಬಿಗಿಯುವ ಮೊದಲು ಆರ್ಮನ್ನು ಕೈಯಲ್ಲಿ ಕಾಲಿಗೆ ಒತ್ತಿ ಹಿಡಿದು ಇದ್ದಬದ್ದ ಸಡಿಲ ತೆಗೆದೆ. ಬಣ್ಣ ಕೆರೆಯದ ಹಾಗೆ ಹಳೇ ಟ್ಯೂಬಿನ ತೆಳು ತುಂಡು ಸುತ್ತಿದ್ದೀನಿ. ದಪ್ಪ ರಬ್ಬರ್ ಹಾಕಿದರೆ ಅದು ಅದುಮಿ ಮತ್ತೆ ಅಲ್ಲಾಟ ಬರುತ್ತೆ.

ಭದ್ರಾವತಿ_ಫಿಟ್ಟರ್

ಚೆನ್ನಾಗಿ ಮಾಡಿದ್ದೀಯ. ಮೊದಲ 20 ಕಿ.ಮೀ. ಆದ ಮೇಲೆ ಒಮ್ಮೆ, 100 ಆದ ಮೇಲೆ ಒಮ್ಮೆ ನಟ್ ಮುಟ್ಟಿ ನೋಡು. ಹೊಸ ಬಣ್ಣ, ವಾಷರ್ ಎಲ್ಲಾ ಒತ್ತಿಕೊಂಡು ಕೂತಾಗ ಒಂಚೂರು ಬಿಗಿ ಇಳಿಯುತ್ತೆ. ಆಕ್ಸಲ್ ತುದಿಗೂ ಫೋರ್ಕಿಗೂ ಸೇರಿಸಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆ. ಗೆರೆ ಮುರಿದರೆ ಆಕ್ಸಲ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ.

ಚಾಮುಂಡಿ_ಏರು, ಎರಡು ತಿಂಗಳ ನಂತರ

620 ಕಿ.ಮೀ. ಆಯ್ತು. 20ಕ್ಕೆ ನೋಡಿದಾಗ ಎಡಗಡೆ ನಟ್ ಕಾಲು ಸುತ್ತಿನಷ್ಟು ತಗೊಂಡಿತು, ಆಮೇಲೆ ಅಲ್ಲಾಡಿಲ್ಲ. ಮೊನ್ನೆ ಭಾನುವಾರ ಮತ್ತೆ ಬೆಟ್ಟಕ್ಕೆ ಹೋದೆ. ಈ ಸಲ ಥ್ರಾಟಲ್ ಅರ್ಧ, ಉಳಿದದ್ದು ಕಾಲಿನ ಕೆಲಸ. ನಂದಿ ತಿರುವಿನಲ್ಲಿ ನಿಲ್ಲಿಸಿ ಟಾರ್ಚ್ ಹಾಕಿ ನೋಡಿದೆ, ಬಿಳಿ ಗೆರೆ ಎರಡೂ ಕಡೆ ನೇರ ಇತ್ತು. ದೇವಸ್ಥಾನದವರೆಗೂ ಹತ್ತಿದೆ.

ಆರ್ಮ್ ಡ್ರಾಯಿಂಗ್ ಕೇಳಿ ಹಲವರು ಮೆಸೇಜ್ ಮಾಡಿದ್ದೀರ. ಅಳತೆ ಇಲ್ಲೇ ಹಾಕ್ತೀನಿ: 6 ಮಿ.ಮೀ. ಪ್ಲೇಟ್, ಒಟ್ಟು ಉದ್ದ 150, ಅಗಲ ಆಕ್ಸಲ್ ಕಡೆ 32, ಕ್ಲಿಪ್ ಕಡೆ 20. ಆಕ್ಸಲ್ ತೂತು 12.1ರ ಉರುಟು, ಚಪ್ಪಟೆ 9.9 ಬಿಟ್ಟು ಅರದಲ್ಲಿ ಸರಿ ಮಾಡಿದ್ದು. ಅದರ ನಡುವಿನಿಂದ 120 ಮಿ.ಮೀ. ಮೇಲೆ ಕ್ಲಿಪ್ ತೂರಿಸೋ ಸಂದು, 13ಕ್ಕೆ 3. ನಿಮ್ಮ ಆಕ್ಸಲ್ 14 ಮಿ.ಮೀ. ಇದ್ದರೆ ತೂತಿನ ಅಳತೆ ಬೇರೆ, ಮೊದಲು ವರ್ನಿಯರ್ ಹಿಡಿದು ಅಳೆದುಕೊಳ್ಳಿ.

ಉಡುಪಿ_ಪೆಡಲ್

ಅಪ್ಪನ ಸೈಕಲ್ಲಿಗೆ ಕ್ಯಾಲಿಪರ್ ಬ್ರೇಕ್ ಕೂತಿತು. ಅಳತೆ ಬರೆದುಕೊಂಡೆ, ನಾಳೆ ಪ್ಲೇಟ್ ಕತ್ತರಿಸ್ಲಿಕ್ಕೆ ಕೊಡ್ತೇನೆ.